ಬರೆಯದೆ ಉಳಿದ ಮೂರು ಪ್ರಬಂಧಗಳು

"ಮೇಡಂ, ನನಗೆ ಜರ್ಮನ್ ಬರೋದೇ ಇಲ್ಲ ಅನ್ನೋದು ಈಗ ಗೊತ್ತಾಗ್ತಿದೆ."

ಸಲಹೆ ಕೇಳಿ ನನಗೆ ಮಾಡಿದ ವಿಡಿಯೊ ಕರೆಯಲ್ಲಿ ಆಕೆ ಹೇಳಿದ ಮೊದಲ ಮಾತು ಇದು. ವಯಸ್ಸು ಇಪ್ಪತ್ತರ ಆಸುಪಾಸು. ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಗೆರ್ಮಾನಿಸ್ಟಿಕ್ ಬಿ.ಎ., ಅಂದರೆ ಜರ್ಮನ್ ಭಾಷೆ, ಸಾಹಿತ್ಯ ಮತ್ತು ಸಂಸ್ಕೃತಿಯ ಓದು. ನಾಲ್ಕನೇ ಸೆಮಿಸ್ಟರ್. ಹೊರದೇಶದಿಂದ ಹೋಗಿ ಸೇರಿದವಳು, ಖರ್ಚು ಅಣ್ಣನದು. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಆಕೆಯ ಒಪ್ಪಿಗೆ ಇದೆ.

ಜರ್ಮನ್ ಬರುವುದಿಲ್ಲ ಎಂಬ ಮಾತನ್ನು ನಾನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಪ್ರವೇಶಕ್ಕೆ ಮುಂಚೆ ಬರೆದ ಟೆಸ್ಟ್‌ಡಾಫ್ ಎಂಬ ಜರ್ಮನ್ ಭಾಷಾ ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರಹ, ಮಾತು ನಾಲ್ಕರಲ್ಲೂ ಆಕೆಗೆ 5ನೇ ಹಂತ ಸಿಕ್ಕಿತ್ತು. ಆ ಪರೀಕ್ಷೆಯಲ್ಲಿ ಅದಕ್ಕಿಂತ ಮೇಲಿನ ಹಂತವೇ ಇಲ್ಲ. ಅಂಕಪಟ್ಟಿ ತೋರಿಸಿ ಎಂದೆ. ಭಾಷಾವಿಜ್ಞಾನದ ಲಿಖಿತ ಪರೀಕ್ಷೆ ಚೆನ್ನಾಗಿಯೇ ಪಾಸಾಗಿತ್ತು. ಮಧ್ಯಯುಗದ ಜರ್ಮನ್, ಅಂದರೆ 1050ರಿಂದ 1350ರ ಸುಮಾರಿನ ಭಾಷೆಯ ಪರೀಕ್ಷೆಯಲ್ಲಿ 1.7 ಬಂದಿತ್ತು. ಅಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಉತ್ತೀರ್ಣ. ಆ ವಿಷಯದಲ್ಲಿ ಅಲ್ಲಿಯವರೇ ಮುಗ್ಗರಿಸುತ್ತಾರೆ, ಏಕೆಂದರೆ ನೋಡಿದರೆ ಪರಿಚಿತ ಅನ್ನಿಸುವ ಪದಕ್ಕೆ ಆಗ ಬೇರೆಯೇ ಅರ್ಥವಿರುತ್ತದೆ. ಈಕೆ ಪ್ರತಿ ಪದವನ್ನೂ ಅನುಮಾನಿಸಿ ಓದಿದ್ದಳು, ಗೆದ್ದಿದ್ದಳು.

ಅಂಕಪಟ್ಟಿಯಲ್ಲಿ ಖಾಲಿ ಬಿದ್ದದ್ದು ಒಂದೇ ಬಗೆಯ ಕಾಲಂ. ಮೂರು ಸಾಹಿತ್ಯ ಸೆಮಿನಾರುಗಳ ಎದುರು ಅಂಕವೇ ಇರಲಿಲ್ಲ. ತರಗತಿಗೆ ಹೋಗಿದ್ದಳು, ಭಾಷಣವನ್ನೂ ಕೊಟ್ಟಿದ್ದಳು, ಪ್ರಬಂಧ ಮಾತ್ರ ಕೊಟ್ಟಿರಲಿಲ್ಲ.

ಈ ಪ್ರಬಂಧಕ್ಕೆ ಅಲ್ಲಿ ಹೌಸ್‌ಆರ್ಬೈಟ್ ಎನ್ನುತ್ತಾರೆ. ಶಿಕ್ಷಕರು ಪ್ರಶ್ನೆ ಕೊಡುವುದಿಲ್ಲ, ಪ್ರಶ್ನೆಯನ್ನೂ ವಿದ್ಯಾರ್ಥಿಯೇ ಹುಡುಕಿಕೊಂಡು ಹನ್ನೆರಡು, ಹದಿನೈದು ಪುಟ ಬರೆಯಬೇಕು. ಬರೆಯುವ ಕಾಲ ಪಾಠಗಳಿಲ್ಲದ ತಿಂಗಳುಗಳು. ಚಳಿಗಾಲದ ಸೆಮಿಸ್ಟರಿನ ಪಾಠ ಫೆಬ್ರವರಿಯಲ್ಲಿ ಮುಗಿದರೆ ಬೇಸಿಗೆಯದು ಏಪ್ರಿಲ್‌ನಲ್ಲಿ ಶುರು. ಊರಿನಲ್ಲಿ ಕೂತವರಿಗೆ ಅದು ರಜೆ. ಅಲ್ಲಿ ಯಾರೂ ಬೆನ್ನು ಹತ್ತುವುದಿಲ್ಲ, ಯಾರೂ ಬೈಯುವುದಿಲ್ಲ. ನನ್ನ ಮಟ್ಟಿಗೆ ಬೈಯುವವರಿಲ್ಲದ ವ್ಯವಸ್ಥೆ ವಿಧೇಯ ವಿದ್ಯಾರ್ಥಿಗಳಿಗೇ ಹೆಚ್ಚು ಅಪಾಯ. ಹೇಳಿದ್ದನ್ನೆಲ್ಲ ಮಾಡುವವರು ಹೇಳುವವರಿಲ್ಲದ ಕಡೆ ನಿಂತುಬಿಡುತ್ತಾರೆ.

ಇದು ಹೊರಗಿನಿಂದ ಬಂದವರ ಕಾಯಿಲೆ ಎಂದು ಆಕೆ ನಂಬಿದ್ದಳು. ಫ್ರಾಂಕ್‌ಫರ್ಟ್ (ಓಡರ್)ನ ವಿಯಾಡ್ರಿನಾ ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರ 2010ರಲ್ಲಿ "ಮುಂದೂಡಿದ ಪ್ರಬಂಧಗಳ ದೀರ್ಘ ರಾತ್ರಿ" ಎಂಬ ಕೂಟ ಶುರುಮಾಡಿತು, ಆಮೇಲೆ ಬೇರೆ ಬೇರೆ ವಿಶ್ವವಿದ್ಯಾಲಯಗಳು ಅದನ್ನು ಎತ್ತಿಕೊಂಡವು, ಮಾರ್ಚ್ ಬಂದರೆ ಜರ್ಮನ್ ಹುಡುಗ ಹುಡುಗಿಯರೇ ಗ್ರಂಥಾಲಯದಲ್ಲಿ ರಾತ್ರಿಯಿಡೀ ಕೂತು ಬಾಕಿ ತೀರಿಸುತ್ತಾರೆ ಎಂದು ತಿಳಿಸಿದೆ. ಆಕೆ ನಕ್ಕಳು. ಅಂದಿನ ಮಾತುಕತೆಯಲ್ಲಿ ಮೊದಲ ನಗು ಅದು.

ಮಲಗುವುದು, ಊಟ, ಸ್ನೇಹಿತರು, ಎಲ್ಲವನ್ನೂ ವಿಚಾರಿಸಿದೆ. ಬದುಕು ಬೇಡ ಅನ್ನಿಸಿದ್ದುಂಟೇ ಎಂದು ನೇರವಾಗಿಯೇ ಕೇಳಿದೆ; ಹೀಗೆ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ಇಲ್ಲ ಎಂದಳು. ನಿದ್ದೆ ಕೆಟ್ಟಿತ್ತು, ಅಣ್ಣನ ಕರೆ ಬಂದಾಗಲೆಲ್ಲ ಹೊಟ್ಟೆ ತೊಳೆಸುತ್ತಿತ್ತು. ಅಲ್ಲಿನ ವಿದ್ಯಾರ್ಥಿ ಸೇವಾ ಸಂಸ್ಥೆಯ ಆಪ್ತಸಲಹಾ ವಿಭಾಗದ ವಿವರ ಕೊಟ್ಟು, ನನ್ನ ಜೊತೆಗಿನ ಮಾತು ನಡೆಯುತ್ತಿರುವಾಗಲೇ ಅಲ್ಲಿಯೂ ಹೆಸರು ಬರೆಸಲು ಹೇಳಿದೆ.

ಮುಂದಿನ ಭೇಟಿಗೆ ಬರೆದಷ್ಟನ್ನು ತನ್ನಿ ಎಂದಿದ್ದೆ. ಪರದೆಯ ಮೇಲೆ ಕಡತ ತೆರೆದಳು. ಮುಖಪುಟ ಅಚ್ಚುಕಟ್ಟು: ವಿಶ್ವವಿದ್ಯಾಲಯ, ವಿಭಾಗ, ಸೆಮಿನಾರಿನ ಹೆಸರು, ಸೆಮಿಸ್ಟರ್, ಆಕೆಯ ನೋಂದಣಿ ಸಂಖ್ಯೆ. ಪರಿವಿಡಿಯ ಜಾಗದಲ್ಲಿ ಮೂರು ಚುಕ್ಕಿ. ಅದರಾಚೆ ಬಿಳಿ ಹಾಳೆ. ಶೀರ್ಷಿಕೆ "ಕ್ಲೈಸ್ಟ್ ಮತ್ತು ದೇವರು". ಕ್ಲೈಸ್ಟ್ ಇನ್ನೂರು ವರ್ಷದ ಹಿಂದಿನ ಜರ್ಮನ್ ಲೇಖಕ. ಪಕ್ಕದ ಫೋಲ್ಡರಿನಲ್ಲಿ ಇಳಿಸಿಟ್ಟ ವಿಮರ್ಶಾ ಲೇಖನಗಳು ರಾಶಿ ಬಿದ್ದಿದ್ದವು. 1755ರ ಲಿಸ್ಬನ್ ಭೂಕಂಪ, ಆಮೇಲೆ ಯುರೋಪಿನಲ್ಲೆದ್ದ ದೇವರ ನ್ಯಾಯದ ಚರ್ಚೆ, ಲೈಬ್ನಿಟ್ಸ್, ವಾಲ್ಟೇರ್, ಕಾಂಟ್, ಯಾರನ್ನೂ ಬಿಟ್ಟಿರಲಿಲ್ಲ.

"ಇಷ್ಟನ್ನೂ ಓದಿ ಮುಗಿಸದೆ ನಾನು ಹೇಗೆ ಮೇಡಂ ಒಂದು ಸಾಲು ಬರೆಯೋದು? ಪ್ರೊಫೆಸರ್‌ಗೆ ಗೊತ್ತಿಲ್ಲದ್ದು ನನ್ನ ಹತ್ರ ಏನಿದೆ?"

ಕ್ಲೈಸ್ಟ್ ಬರೆದ ಕಥೆ ಎಲ್ಲಿ ಎಂದು ಕೇಳಿದೆ. ರೆಕ್ಲಾಮ್ ಪ್ರಕಾಶನದ ಅಂಗೈಯಗಲದ ಹಳದಿ ಪುಸ್ತಿಕೆ ಕ್ಯಾಮೆರಾ ಮುಂದೆ ಬಂತು. 'ಚಿಲಿಯ ಭೂಕಂಪ', ಮೊದಲು ಅಚ್ಚಾದದ್ದು 1807ರಲ್ಲಿ. ಆರಂಭದ ಪುಟಗಳಲ್ಲಿ ಪ್ರತಿ ಪದದ ತಲೆಯ ಮೇಲೂ ಪೆನ್ಸಿಲಿನ ಅರ್ಥ, ಸಾಲುಗಳ ಮಧ್ಯೆ ಬಿಳಿ ಕಾಣಿಸದಷ್ಟು. ಕ್ಲೈಸ್ಟನ ವಾಕ್ಯ ಕೆಲವೊಮ್ಮೆ ಅರ್ಧ ಪುಟ ಹೋಗುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಆಕೆ ನಿಘಂಟು ನೋಡಿ ನೋಡಿ ಸುಸ್ತು. ನಡುವಿನ ಪುಟಗಳು ಖಾಲಿ. ಕೊನೆಗೆ ಚರ್ಚಿನ ದೃಶ್ಯದಲ್ಲಿ ಮಾತ್ರ ಅಂಚಿನುದ್ದಕ್ಕೂ ಎರಡು ಬಣ್ಣದ ಗೆರೆ, ನೀಲಿ ಮತ್ತು ಕೆಂಪು.

ಇದೇನು ಎಂದೆ. ಏನಿಲ್ಲ ಮೇಡಂ, ಸುಮ್ಮನೆ ಎಂದಳು. ಬಿಡಲಿಲ್ಲ. ಆಗ ಬಾಯಿಬಿಟ್ಟಳು: ಭೂಕಂಪದಲ್ಲಿ ಉಳಿದ ಒಂದೇ ಚರ್ಚಿನಲ್ಲಿ ಪಾದ್ರಿ ಉಪದೇಶ ಮಾಡುತ್ತಾನೆ, ಅದನ್ನು ಕೇಳಿ ಕೆರಳಿದ ಜನ ಕಥೆಯ ಮುಖ್ಯ ಪಾತ್ರಗಳಾದ ಇಬ್ಬರು ಪ್ರೇಮಿಗಳನ್ನು ಹೊಡೆದು ಕೊಲ್ಲುತ್ತಾರೆ. ಪಾದ್ರಿಯ ಮಾತು ಉದ್ಧರಣೆಯ ರೂಪದಲ್ಲಿ ಬರುವುದಿಲ್ಲ. ಆತ ಇಂಥದ್ದನ್ನು ವರ್ಣಿಸಿದ, ಇಂಥದ್ದರ ಕಡೆಗೆ ಬಂದ ಎಂದು ನಿರೂಪಕನೇ ವರದಿ ಒಪ್ಪಿಸುತ್ತಾನೆ. ಗುಂಪಿನ ಕೂಗು ಮಾತ್ರ "ಕಲ್ಲು ಹೊಡೆಯಿರಿ" ಎಂದು ನೇರ ಮಾತಿನಲ್ಲಿದೆ. ನೀಲಿ ಗೆರೆ ವರದಿಗೆ, ಕೆಂಪು ನೇರ ಮಾತಿಗೆ. ಭಾಷಾವಿಜ್ಞಾನದ ತರಗತಿಯಲ್ಲಿ ಇದನ್ನು ಕಲಿತಿದ್ದರಿಂದ ಗುರುತು ಹಾಕುತ್ತಾ ಹೋದಳಂತೆ.

ನಾನು ಸಾಹಿತ್ಯ ಓದಿದವಳಲ್ಲ. ಆದರೂ ಪ್ರಶ್ನೆಯೊಂದು ಅಲ್ಲಿ ಕೂತಿದೆ ಎಂಬುದು ಕಾಣುತ್ತಿತ್ತು: ಕೊಲೆಗೆ ಕಿಡಿ ಹಚ್ಚಿದವನ ದನಿಯನ್ನು ಕಥೆ ನಮಗೆ ಯಾಕೆ ಕೇಳಿಸುವುದಿಲ್ಲ, ಕೊಂದವರದನ್ನು ಯಾಕೆ ಕೇಳಿಸುತ್ತದೆ? ಹದಿನೈದು ಪುಟಕ್ಕೆ ಇದು ಸಾಲದೇ ಎಂದು ಕೇಳಿದೆ. "ಇಷ್ಟು ಚಿಕ್ಕದ್ದಾ?" ಎಂದಳು.

ಚಿಕ್ಕದ್ದೇ ಬೇಕು. ದೇವರನ್ನೂ ಲಿಸ್ಬನ್ನನ್ನೂ ಹದಿನೈದು ಪುಟದಲ್ಲಿ ಯಾರೂ ಮುಗಿಸಲಾರರು. ಎರಡು ಪುಟದ ದೃಶ್ಯವನ್ನು ಮುಗಿಸಬಹುದು. ಆಕೆಯ ತೊಡಕಿನ ಬೇರು ಇಲ್ಲಿತ್ತು. ಭಾಷಾ ಪರೀಕ್ಷೆಗೆ ತಯಾರಾಗುವಾಗ ಒಂದು ಪದವೂ ತಪ್ಪಿಹೋಗಬಾರದು, ಸರಿಯುತ್ತರ ಮೊದಲೇ ಎಲ್ಲೋ ಇರುತ್ತದೆ. ಆ ಶಿಸ್ತು ಆಕೆಯನ್ನು ಅಲ್ಲಿಯವರೆಗೆ ತಂದಿತ್ತು. ಸಾಹಿತ್ಯದ ಸೆಮಿನಾರಿನಲ್ಲಿ ಸರಿಯುತ್ತರ ಯಾರ ಬಳಿಯೂ ಇಲ್ಲ, ಪಠ್ಯದಿಂದ ಸಾಬೀತು ಮಾಡಿದ ಮಾತಿಗಷ್ಟೇ ಅಂಕ. ವ್ಯಾಕರಣದ ಕಣ್ಣು ಆಕೆಗೆ ಇತ್ತು, ಅದನ್ನು ಆಸ್ತಿ ಎಂದು ಎಣಿಸಿರಲಿಲ್ಲ ಅಷ್ಟೆ. ಬಲ್ಗೇರಿಯಾದಲ್ಲಿ ಹುಟ್ಟಿದ ಲೇಖಕ ಎಲಿಯಾಸ್ ಕನೆಟ್ಟಿ ಜರ್ಮನ್ ಕಲಿತದ್ದು ಎಂಟನೇ ವಯಸ್ಸಿನಲ್ಲಿ ತಾಯಿಯಿಂದ. 1981ರಲ್ಲಿ ನೊಬೆಲ್ ಬಂದದ್ದು ಅದೇ ಭಾಷೆಯ ಬರಹಕ್ಕೆ. ಈ ಉದಾಹರಣೆ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ತನಗೆ ಅನ್ವಯಿಸಿಕೊಂಡಿರಲಿಲ್ಲ.

ಸಲಹೆಗೆ ಬರುತ್ತೇನೆ. ಮೂರೂ ಪ್ರಬಂಧಗಳನ್ನು ಒಟ್ಟಿಗೆ ಹಿಡಿಯಬೇಡಿ, ಕ್ಲೈಸ್ಟ್ ಒಂದೇ ಸಾಕು ಎಂದೆ. ಲೇಖನಗಳ ಫೋಲ್ಡರ್ ಮುಚ್ಚಿ. ಮೊದಲು ಒಂದೇ ಪುಟ ಬರೆಯಿರಿ: ಪ್ರಶ್ನೆ, ಯಾವ ಭಾಗ ನೋಡುತ್ತೀರಿ, ಸದ್ಯಕ್ಕೆ ಏನನ್ನಿಸುತ್ತದೆ. ಅದನ್ನು ಹಿಡಿದುಕೊಂಡು ಪ್ರೊಫೆಸರರ ಭೇಟಿ ವೇಳೆಗೆ ಹೋಗಿ. ಪ್ರಾಧ್ಯಾಪಕರು ಸಾಮಾನ್ಯವಾಗಿ ವಾರಕ್ಕೊಮ್ಮೆ ಎಂಬಂತೆ ಈ ಸಮಯ ಇಡುತ್ತಾರೆ, ಇದಕ್ಕೆಂದೇ. "ತಡ ಮಾಡಿದ್ದಕ್ಕೆ ಬೈದರೆ?" ಎಂದಳು. ತಡವಾದದ್ದನ್ನು ಒಂದು ವಾಕ್ಯದಲ್ಲಿ ಹೇಳಿ ಪುಟವನ್ನು ಮುಂದಿಡಿ, ಕ್ಷಮೆ ಕೇಳುತ್ತಾ ಕೂರಬೇಡಿ ಎಂದು ಆ ಒಂದು ವಾಕ್ಯವನ್ನು ನನ್ನೆದುರೇ ಜರ್ಮನ್‌ನಲ್ಲಿ ಹೇಳಿಸಿದೆ. ಆಮೇಲೆ ಆ ಪ್ರಶ್ನೆಗೆ ತಾಗುವ ನಾಲ್ಕೈದು ಲೇಖನ ಮಾತ್ರ ಓದುವುದು. ನಿಘಂಟು ಬೇಕಿರುವುದು ಆ ಎರಡು ಪುಟಕ್ಕೆ, ಉಳಿದದ್ದನ್ನು ತಡೆಯಿಲ್ಲದೆ ಓದಿಕೊಂಡು ಹೋಗುವುದು.

ಹಣ ಕೊಟ್ಟು ಯಾರಿಂದಲಾದರೂ ಬರೆಸಿದರೆ ಹೇಗೆ ಎಂದು ಆಕೆ ಒಮ್ಮೆ ಮೆಲ್ಲಗೆ ಕೇಳಿದ್ದುಂಟು. ಪ್ರಬಂಧದ ಕೊನೆಗೆ "ಇದು ನನ್ನದೇ ಬರಹ" ಎಂದು ಸಹಿ ಹಾಕಬೇಕು. ಸುಳ್ಳು ಸಹಿ ಪರೀಕ್ಷಾ ವಂಚನೆ. ಇದರಲ್ಲಿ ಚರ್ಚೆ ಇಲ್ಲ ಎಂದೆ. ಕಾಗುಣಿತ, ವ್ಯಾಕರಣ ನೋಡಿಸಿಕೊಳ್ಳಲು ಎಷ್ಟು ಅವಕಾಶವಿದೆ ಎಂಬುದನ್ನು ವಿಭಾಗದಲ್ಲೇ ಕೇಳಿ, ಬರವಣಿಗೆ ಕೇಂದ್ರಕ್ಕೂ ಹೋಗಿ ಎಂದೆ.

ಕೋರ್ಸ್ ಬಿಟ್ಟು ಬೇರೆ ವಿಷಯಕ್ಕೆ ಹೋಗುವ ಮಾತೂ ಬಂತು. ಪದವಿಗೆ 180 ಕ್ರೆಡಿಟ್ ಬೇಕು, ಪ್ರಬಂಧ ಕೊಡದೆ ಆ ಸೆಮಿನಾರುಗಳ ಕ್ರೆಡಿಟ್ ಜಮೆಯಾಗುವುದಿಲ್ಲ, ವಾಸದ ಪರವಾನಗಿ ನವೀಕರಿಸುವಾಗ ಓದಿನ ಪ್ರಗತಿಯನ್ನು ನೋಡುತ್ತಾರೆ. ಆಕೆಯ ಭಯಕ್ಕೆ ಆಧಾರವಿತ್ತು. ಹಾಗೆಂದು ಭಯದಲ್ಲಿ ವಿಷಯ ಬದಲಿಸಬಾರದು. ಮೊದಲು ವಿಭಾಗದ ಅಧ್ಯಯನ ಸಲಹೆಗಾರರು, ಆಮೇಲೆ ವಿದೇಶಿಯರ ಕಚೇರಿ, ಇಬ್ಬರನ್ನೂ ಕೇಳಿ, ಅದೂ ಒಂದು ಪ್ರಬಂಧ ಮುಗಿದ ಮೇಲೆ ಎಂದೆ.

ಅಣ್ಣನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. "ಎಲ್ಲ ಸರಿ ಇದೆ ಅಣ್ಣ" ಎಂದು ಎರಡು ಸೆಮಿಸ್ಟರ್ ಹೇಳಿಕೊಂಡು ಬಂದಿದ್ದಳು. ಸೋತಿದ್ದೇನೆ ಎನ್ನಬೇಡಿ, ಇಷ್ಟು ಬಾಕಿ ಇದೆ, ಇಂಥ ತಿಂಗಳಿಗೆ ಇದು ಮುಗಿಯುತ್ತದೆ ಎಂದು ಲೆಕ್ಕ ಒಪ್ಪಿಸಿ ಎಂದು ಹೇಳಿಕೊಟ್ಟೆ. ಹಾಗೆಯೇ ಹೇಳಿದಳಂತೆ. ಅಣ್ಣ ಒಂದು ಗಳಿಗೆ ಸುಮ್ಮನಿದ್ದು, "ದುಡ್ಡಿನ ವಿಷಯ ಅಂದ್ಕೊಂಡು ಹೆದರಿದ್ಯಾ? ಮೊದಲೇ ಹೇಳ್ಬಾರ್ದಿತ್ತೇನೇ?" ಎಂದನಂತೆ. ನಂತರ ಬೈದನಂತೆ, ಅದು ಬೇರೆ.

ಪ್ರೊಫೆಸರ್ ಪುಟವನ್ನು ನೋಡಿ, ಪ್ರಶ್ನೆ ಒಳ್ಳೆಯದು, ಗುಂಪಿನಲ್ಲೂ ಯಾರ್ಯಾರ ದನಿ ಕೇಳುತ್ತದೆ ಎಂದು ಬಿಡಿಸಿ ನೋಡಿ ಎಂದರು. ಹೊಸ ಗಡುವನ್ನೂ ಕೊಟ್ಟರು. ಕ್ಲೈಸ್ಟ್ ಪ್ರಬಂಧಕ್ಕೆ 2.3 ಬಂತು. ವಾಕ್ಯಗಳು ಅಲ್ಲಲ್ಲಿ ತೊಡಕು, ಪಠ್ಯದ ಓದು ಸೂಕ್ಷ್ಮ ಎಂದು ಷರಾ. ಎರಡನೆಯದು ನಡೆಯುತ್ತಿದೆ. ಮೂರನೆಯ ಸೆಮಿನಾರನ್ನು ಕೈಬಿಟ್ಟು, ಅದೇ ಮಾಡ್ಯೂಲಿನಲ್ಲಿ ಬೇರೊಂದಕ್ಕೆ ಹೆಸರು ಕೊಟ್ಟಿದ್ದಾಳೆ. ಎಂ.ಎ.ಗೆ ಸಾಹಿತ್ಯವೋ, ಜರ್ಮನ್ ಅನ್ನು ವಿದೇಶಿ ಭಾಷೆಯಾಗಿ ಕಲಿಸುವ ಕೋರ್ಸೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಎರಡರ ಪ್ರವೇಶ ನಿಯಮಗಳನ್ನೂ ತೆಗೆದುಕೊಂಡು ಮುಂದಿನ ಭೇಟಿಗೆ ಬರಲು ಹೇಳಿದ್ದೇನೆ.