ಬ್ಯಾಟ್ ಸರಿ ಇದೆ, ನಾನೇ ಸರಿ ಇಲ್ಲ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಮಂಡ್ಯ ಕಡೆಯ ಒಂದು ಹಳ್ಳಿಯಿಂದ ಅಪ್ಪ, ಅಮ್ಮ, 14 ವರ್ಷದ ಮಗ ಮೂವರೂ ಮೈಸೂರಿನ ಸರಸ್ವತಿಪುರಂನಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಗೆ ಬಂದಿದ್ದರು. ಎರಡು ಎಕರೆ ಕಬ್ಬು, ಎರಡು ಹಸು. ಹುಡುಗ ಶನಿವಾರ, ಭಾನುವಾರ ಬಸ್ಸಿನಲ್ಲಿ ಮೈಸೂರಿಗೆ ಬಂದು ಕ್ರಿಕೆಟ್ ಕೋಚಿಂಗ್‌ಗೆ ಹೋಗುತ್ತಿದ್ದ. ಮೂರು ವಾರದಿಂದ ಹೋಗಿಲ್ಲ. ಊಟವೂ ಅಷ್ಟಕ್ಕಷ್ಟೆ.

"ಚೀಟಿ ದುಡ್ಡು ಎತ್ತಿ ಹದಿನೆಂಟು ಸಾವ್ರದ ಬ್ಯಾಟ್ ಕೊಡ್ಸವ್ಳೆ ಕಣಮ್ಮ, ನನಗೊಂದು ಮಾತು ಹೇಳ್ದಂಗೆ," ಅಂದರು ಅಪ್ಪ. "ಕಬ್ಬಿನ ದುಡ್ಡು ಇನ್ನೂ ಕೈಗೆ ಬಂದಿಲ್ಲ. ಈಗ ನೋಡುದ್ರೆ ಆ ಬ್ಯಾಟೂ ಬ್ಯಾಡ, ಆಟಾನೂ ಬ್ಯಾಡ ಅಂತಾವ್ನೆ."

"ಬ್ಯಾಟ್ ಬೇಕು ಅಂತ ಎರಡು ದಿನ ಉಣ್ಲಿಲ್ಲ ಮೇಡಂ. ನಾನೇನ್ ಮಾಡ್ಲಿ?" ಅಂದರು ಅಮ್ಮ.

ಅದು ಹೆಸರಾಂತ ಆಟಗಾರನೊಬ್ಬ ಜಾಹೀರಾತು ಕೊಡುವ ಬ್ಯಾಟು. ಅದೇ ಸ್ಟಿಕ್ಕರ್, ಅದೇ ಬಣ್ಣದ ಗ್ರಿಪ್ಪು. ಹೊಸ ಬ್ಯಾಟ್ ಹಿಡಿದು ಹುಡುಗ ಮೂರು ಮ್ಯಾಚ್ ಆಡಿದ. 4, 0, 7.

ಮೊದಲ ದಿನ ನಾನೇ ಎಡವಿದೆ. ಎಲ್ಲ ದೊಡ್ಡವರೂ ಹೇಳುವುದನ್ನೇ ಹೇಳಿದೆ: "ಆ ಜಾಹೀರಾತಿಗೆ ಅವರಿಗೆ ದುಡ್ಡು ಕೊಡ್ತಾರೆ, ಗೊತ್ತಾ?" ಹುಡುಗ ನನ್ನನ್ನೇ ಪಾಪ ಅನ್ನೋ ಹಾಗೆ ನೋಡಿದ. "ಗೊತ್ತು ಮೇಡಂ. ಎಲ್ಲರಿಗೂ ಗೊತ್ತು." ಅಲ್ಲಿಗೆ ನನ್ನ ಪಾಠ ಮುಗಿಯಿತು. ದುಡ್ಡಿಗೆ ಮಾಡಿದ್ದು ಅಂತ ಗೊತ್ತಿದ್ದರೂ ಜಾಹೀರಾತು ನಾಟುತ್ತದೆ. ನನಗೂ ನಾಟುತ್ತದೆ, ನಿಮಗೂ.

ಇದಕ್ಕೆ ಗ್ರಾಂಟ್ ಮೆಕ್‌ಕ್ರಾಕನ್ ಎಂಬ ಮಾನವಶಾಸ್ತ್ರಜ್ಞ 1989ರಲ್ಲಿ ಕೊಟ್ಟ ವಿವರಣೆ ನನಗೆ ಇವತ್ತಿಗೂ ಸರಿ ಅನಿಸುತ್ತದೆ. ಆಟಗಾರನ ಛಲ, ಧೈರ್ಯ, ಗೆಲುವು ಎಲ್ಲ ಮೊದಲು ಅವನಲ್ಲಿರುತ್ತವೆ. ಜಾಹೀರಾತು ಅವನ್ನು ವಸ್ತುವಿನ ಮೇಲೆ ಇಳಿಸುತ್ತದೆ. ಕೊಂಡವನು ಅವನ್ನು ವಸ್ತುವಿನಿಂದ ತನ್ನ ಮೈಗೆ ಹತ್ತಿಸಿಕೊಳ್ಳಬೇಕು. ಮೊದಲ ಮೆಟ್ಟಿಲು ಆಟಗಾರನದು, ಎರಡನೆಯದನ್ನು ಕಂಪನಿ ಹತ್ತಿಸುತ್ತದೆ. ಮೂರನೆಯದು ನಮ್ಮ ಪಾಲಿನದು. ಈ ಹುಡುಗ ಜಾರಿದ್ದು ಅಲ್ಲೇ. ಇನ್ನೇನೂ ಕೇಳದೆ ಸುಮ್ಮನೆ ಕೂತಿದ್ದಾಗ ಅವನೇ ಹೇಳಿದ: "ಬ್ಯಾಟ್ ಸರಿ ಇದೆ ಮೇಡಂ. ಅವರು ಅದರಲ್ಲೇ ಸೆಂಚುರಿ ಹೊಡೀತಾರೆ. ಅಂದ್ರೆ ನಾನೇ ಸರಿ ಇಲ್ಲ ಅಲ್ವಾ?"

ಹಳೇ ಬ್ಯಾಟಿನಲ್ಲಿ ಔಟಾದಾಗ ಬ್ಯಾಟನ್ನು ಬೈದುಕೊಳ್ಳಬಹುದಿತ್ತು. ಈಗ ಆ ದಾರಿಯೂ ಮುಚ್ಚಿತ್ತು. ಹದಿನೆಂಟು ಸಾವಿರಕ್ಕಿಂತ ನನಗೆ ಜಾಸ್ತಿ ಭಯ ಆಗಿದ್ದು ಈ ಮಾತಿಗೆ.

ಎರಡನೇ ಸಲ ಬ್ಯಾಟ್ ತರಲು ಹೇಳಿದೆ. ಮೇಜಿನ ಮೇಲೆ ಇಟ್ಟ. ಇಂಗ್ಲಿಷ್ ವಿಲೋ ಮರ, ನೇರವಾದ ಗೆರೆಗಳು, ಚೆಂದದ ಬ್ಯಾಟು. ಆದರೆ ದೊಡ್ಡವರ ಅಳತೆಯದು. ಹುಡುಗನ ಎತ್ತರ ಐದು ಅಡಿ. ಅವನ ಕೋಚ್‌ಗೆ ಅಲ್ಲೇ ಫೋನ್ ಮಾಡಿದೆ. "ಅವನಿಗೆ ಆರನೇ ನಂಬರ್ ಬ್ಯಾಟ್ ಸಾಕು ಮೇಡಂ. ಇದು ಎತ್ತೋ ಹೊತ್ತಿಗೆ ಬಾಲ್ ಕೀಪರ್ ಕೈಲಿರುತ್ತೆ." ಮೇಲಾಗಿ, ಇಂಥ ಬ್ಯಾಟಿಗೆ ಎಣ್ಣೆ ಹಚ್ಚಿ, ಮರದ ಸುತ್ತಿಗೆಯಲ್ಲಿ ಗಂಟೆಗಟ್ಟಲೆ ಬಡಿದು ಹದ ಮಾಡಬೇಕು. ಅದನ್ನೂ ಮಾಡಿರಲಿಲ್ಲ. ಜಾಹೀರಾತಿನಲ್ಲಿ ಅದು ಇರಲಿಲ್ಲವಲ್ಲ!

ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಹುಡುಗ ಮಾತಾಡುತ್ತಾ ಅದನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ನಾನು ಕೇಳಿದೆ, "ಸಚಿನ್ ಬ್ಯಾಟ್ ಮೇಲೆ ವರ್ಷಗಟ್ಟಲೆ ಎಂಆರ್‌ಎಫ್ ಅಂತ ಇತ್ತಲ್ಲ, ಆ ಕಂಪನಿ ಏನು ಮಾಡುತ್ತೆ?" ಅವನು ಯೋಚಿಸುತ್ತಿದ್ದ. ಹಿಂದೆ ಕೂತಿದ್ದ ಅಪ್ಪ, "ನಮ್ ಟ್ರ್ಯಾಕ್ಟರ್ ಟೈರು ಅದೇಯ!" ಅಂದರು. ಹುಡುಗ ನಕ್ಕ. ನನ್ನೆದುರು ನಕ್ಕಿದ್ದು ಅದೇ ಮೊದಲು. ಆ ಸ್ಟಿಕ್ಕರ್ ಬರುವ ಮುಂಚೆ, 1996ರ ವಿಶ್ವಕಪ್‌ನಲ್ಲಿ ಸಚಿನ್ ಯಾವ ಗುರುತೂ ಇಲ್ಲದ ಬೋಳು ಬ್ಯಾಟಿನಲ್ಲಿ ಆಡಿ 523 ರನ್ ಹೊಡೆದರು, ಆ ಕಪ್‌ನಲ್ಲಿ ಅವರದೇ ಎಲ್ಲರಿಗಿಂತ ಜಾಸ್ತಿ, ಅಂದೆ. ಕೆರೆಯುವುದು ನಿಂತಿತು.

ಗೋಪಿಚಂದ್ ಕತೆಯನ್ನೂ ಹೇಳಿದೆ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಮೇಲೆ ತಂಪು ಪಾನೀಯದ ಜಾಹೀರಾತು ಬಂದಾಗ, ನಾನೇ ಕುಡಿಯದ್ದನ್ನು ಕುಡಿಯಿರಿ ಅಂತ ಹೇಳಲ್ಲ ಎಂದು ಬಿಟ್ಟುಕೊಟ್ಟವರು. "ಅಷ್ಟು ದುಡ್ಡು ಬಿಟ್ರಾ?" ಅಂತ ಅಪ್ಪ, ಮಗ ಇಬ್ಬರೂ ಒಟ್ಟಿಗೇ ಕೇಳಿದರು.

ಅಪ್ಪ ಇನ್ನೊಂದು ಕೇಳಿದರು: ಕೇಸ್ ಹಾಕಬಹುದಾ? 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದರಲ್ಲಿ ಕಾಣಿಸಿಕೊಂಡ ತಾರೆಗೂ ಹಾಕಬಹುದು, ಒಂದು ವರ್ಷದವರೆಗೆ ಜಾಹೀರಾತು ಮಾಡದಂತೆ ತಡೆಯಲೂಬಹುದು. ದೂರು ಕೊಡಲು 1915ಕ್ಕೆ ಫೋನ್ ಮಾಡಿದರೆ ಸಾಕು. ಆದರೆ ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಹುಡುಗನಿಗೆ ಆ ಜಾಹೀರಾತನ್ನು ನನ್ನ ಮೊಬೈಲಿನಲ್ಲಿ ತೋರಿಸಿ, ಬ್ಯಾಟ್ ಬಗ್ಗೆ ಹೇಳಿದ ಮಾತುಗಳನ್ನು ಬರೆದುಕೋ ಅಂದಿದ್ದೆ. ತೂಕ, ಅಳತೆ, ಮರ, ಏನಾದರೂ. ಎರಡು ಸಲ ನೋಡಿ ಖಾಲಿ ಹಾಳೆ ಕೊಟ್ಟ. ಇದರಲ್ಲಿ ಆಡಿದರೆ ರನ್ ಬರುತ್ತದೆ ಅಂತ ಜಾಹೀರಾತು ಹೇಳಿಯೇ ಇಲ್ಲ, ಅವನೇ ಹೇಳಿಕೊಂಡಿದ್ದ.

ಸಲಹೆ ಅಂತ ಕೊಟ್ಟಿದ್ದು ಸ್ವಲ್ಪವೇ. ಬ್ಯಾಟನ್ನು ಅದರ ಅಳತೆಗೆ ಸರಿಹೋಗುವವರಿಗೆ ಮಾರಿ. ಬಂದ ದುಡ್ಡು ಚೀಟಿಗೆ ಹೋಗಲಿ. ಉಳಿದದ್ದಕ್ಕೆ ಹುಡುಗ ಆರು ತಿಂಗಳು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರಲಿ. ಶಿಕ್ಷೆ ಅಂತ ಅಲ್ಲ, ಲೆಕ್ಕ ಅಂತ. ಅಮ್ಮನಿಗೆ ಹೇಳಿದ್ದು: ಇನ್ನು ಗುಟ್ಟಿನ ದುಡ್ಡು ಬೇಡ. ಊಟ ಬಿಟ್ಟರೆ ವಸ್ತು ಬರುತ್ತದೆ ಅಂತ ಅವನಿಗೆ ತಿಳಿದುಹೋಗಿದೆ, ಅದು ಬ್ಯಾಟಿಗಿಂತ ದುಬಾರಿ.

ಅಪ್ಪನಿಗೆ ಬೇರೆಯಾಗಿ ಕೂರಿಸಿ ಹೇಳಿದೆ. ಮಗನನ್ನು "ಟೀವಿ ನೋಡಿ ಮೋಸ ಹೋದ ದಡ್ಡ" ಅನ್ನಬೇಡಿ. "ನಿಮ್ಮ ಬೈಕ್ ಯಾಕೆ ಅದೇ ತಗೊಂಡ್ರಿ?" ಅಂದೆ. ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿ, ಮೀಸೆಯಲ್ಲೇ ನಕ್ಕು, ಒಬ್ಬ ಸಿನಿಮಾ ನಟನ ಹೆಸರು ಹೇಳಿದರು.

ಮುಖ್ಯ ಮಾತು ಹುಡುಗನಿಗೆ ಹೇಳಿದ್ದು. ಔಟಾದ ಮೇಲೆ "ನಾನು ಸರಿ ಇಲ್ಲ" ಅಂತ ಬರೆಯುವ ಬದಲು ಯಾವ ಬಾಲ್, ಕಾಲು ಎಲ್ಲಿತ್ತು, ಬ್ಯಾಟ್ ಎಷ್ಟು ತಡವಾಗಿ ಬಂತು ಅಂತ ಒಂದೇ ಸಾಲು ಬರೆಯಬೇಕು. ಅವನು ಒಪ್ಪಿದ, ಅರೆಮನಸ್ಸಿನಿಂದಲೇ.

ಎರಡು ತಿಂಗಳಾದ ಮೇಲೆ ಬಂದ. ದೊಡ್ಡ ಬ್ಯಾಟನ್ನು ಕೋಚಿಂಗ್‌ನ ಹಿರಿಯ ಹುಡುಗನೊಬ್ಬ 11,000ಕ್ಕೆ ಕೊಂಡಿದ್ದ. ಇವನ ಕೈಯಲ್ಲಿ ಆರನೇ ನಂಬರಿನ ಕಾಶ್ಮೀರ್ ವಿಲೋ. ಪುಸ್ತಕದಲ್ಲಿ ಐದು ಸಾಲು, ಒಂದರ ಪಕ್ಕ 31 ಅಂತ ಬರೆದಿತ್ತು. ಬ್ಯಾಟ್ ತಿರುಗಿಸಿ ನೋಡಿದರೆ ಅದೇ ಆಟಗಾರನ ಸ್ಟಿಕ್ಕರ್!

"ಇದೆಲ್ಲಿಂದ ಬಂತೋ?"

"ಅಂಗಡಿಯಲ್ಲಿ ಬರೀ ಸ್ಟಿಕ್ಕರ್ರೂ ಸಿಗುತ್ತೆ ಮೇಡಂ," ಅಂದ. "ಚೆನ್ನಾಗಿ ಕಾಣುತ್ತೆ ಅಂತ ಅಂಟಿಸ್ದೆ, ಅಷ್ಟೆ."