ಎಂಎಸ್ ಇದ್ದವರಿಗೆ ದಿನಾ ಆಸ್ಪಿರಿನ್ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಹೆಂಡತಿಗೆ 36 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮೆದುಳು-ನರಗಳ ಕಾಯಿಲೆ) ಇದೆ. ಎಡಗಾಲಲ್ಲಿ ಶಕ್ತಿ ಕಮ್ಮಿ, ವಾಕರ್ ಹಿಡಿದು ಓಡಾಡುತ್ತಾಳೆ. ಈಚೆಗೆ ಜ್ವರ ಬಂದಾಗ ಮಾಡಿಸಿದ, ರಕ್ತ ಹೆಪ್ಪುಗಟ್ಟಿದೆಯಾ ಅಂತ ಸುಳಿವು ಕೊಡೋ ಡಿ-ಡೈಮರ್ ಟೆಸ್ಟ್ ಸ್ವಲ್ಪ ಜಾಸ್ತಿ ಬಂತು. ಎಂಎಸ್ ಅಂದ್ರೆ ಮೆದುಳಲ್ಲಿ ರಕ್ತ ಹೆಪ್ಪುಗಟ್ಟೋದು, ದಿನಾ ಒಂದು ಆಸ್ಪಿರಿನ್ ಕೊಟ್ಟರೆ ರೋಗ ನಿಲ್ಲುತ್ತೆ ಅಂತ ನೆಂಟರೊಬ್ಬರು ವಾಟ್ಸಾಪ್ ಕಳಿಸಿದ್ದಾರೆ. ಕೊಡಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವಾಗಿಯೇ ಶುರು ಮಾಡಬೇಡಿ. ಆ ಮೆಸೇಜ್ ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ.

ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಇರುತ್ತದೆ. ಗಾಯವಾದಾಗ ಅದು ಫೈಬ್ರಿನ್ ಎಂಬ ಎಳೆಗಳಾಗಿ ಬಲೆ ಹೆಣೆದು ರಕ್ತ ನಿಲ್ಲಿಸುತ್ತದೆ. ಆರೋಗ್ಯವಂತರ ಮೆದುಳಿನೊಳಕ್ಕೆ ಅದಕ್ಕೆ ಪ್ರವೇಶವಿಲ್ಲ. ಎಂಎಸ್‌ನಲ್ಲಿ ರಕ್ತನಾಳದ ಗೋಡೆ ಸಡಿಲವಾಗಿ ಅದು ಒಳಗೆ ಸೋರುತ್ತದೆ, ಅಲ್ಲೇ ಫೈಬ್ರಿನ್ ಆಗುತ್ತದೆ, ಮೆದುಳಿನ ಕಾವಲು ಕಣಗಳಾದ ಮೈಕ್ರೋಗ್ಲಿಯಾವನ್ನು ಕೆರಳಿಸುತ್ತದೆ, ಅವು ಕೆರಳಿ ನರತಂತುಗಳನ್ನೇ ಹಾಳು ಮಾಡುತ್ತವೆ. ಅಮೆರಿಕದ ವಿಜ್ಞಾನಿ ಕತೆರೀನಾ ಅಕಸ್ಸೊಗ್ಲೂ ಅವರ ತಂಡ ಇದನ್ನು ಇಲಿಗಳಲ್ಲಿ ತೋರಿಸಿದೆ. 2018ರಲ್ಲಿ ಅದೇ ತಂಡ, ರಕ್ತ ಹೆಪ್ಪುಗಟ್ಟುವ ಕೆಲಸಕ್ಕೆ ಅಡ್ಡಿ ಮಾಡದೆ ಫೈಬ್ರಿನ್ನಿನ ಈ ಕೆರಳಿಸುವ ಗುಣವನ್ನಷ್ಟೇ ತಡೆಯುವ ಪ್ರತಿಕಾಯವೊಂದನ್ನು ಪ್ರಕಟಿಸಿತು.

ಗಮನಿಸಿದಿರಾ? ಇಲ್ಲಿ ನಾಳ ಕಟ್ಟಿಕೊಳ್ಳುವ ಮಾತೇ ಇಲ್ಲ. ಸೋರಿದ ಪ್ರೋಟೀನ್ ಉರಿಯೂತ ಎಬ್ಬಿಸುತ್ತಿದೆ, ಅಷ್ಟೇ. ಆಸ್ಪಿರಿನ್ ಹಿಡಿಯುವುದು ಪ್ಲೇಟ್‌ಲೆಟ್‌ಗಳನ್ನು, ಫೈಬ್ರಿನ್ನನ್ನಲ್ಲ. ರಕ್ತ ತೆಳು ಮಾಡಿ ಎಂಎಸ್ ವಾಸಿ ಮಾಡುವ ಯೋಚನೆ ಹಳೆಯದೇ: 1940ರ ದಶಕದಲ್ಲಿ ಟ್ರೇಸಿ ಪುಟ್ನಮ್ ಎಂಬ ಅಮೆರಿಕನ್ ನರವೈದ್ಯ ಸಣ್ಣ ಸಿರೆಗಳು ಕಟ್ಟಿಕೊಂಡೇ ಎಂಎಸ್ ಬರುತ್ತದೆಂದು ನಂಬಿ ರೋಗಿಗಳಿಗೆ ಡೈಕ್ಯೂಮರಾಲ್ ಎಂಬ ರಕ್ತ ತೆಳು ಮಾಡುವ ಔಷಧ ಕೊಟ್ಟು ನೋಡಿದ್ದರು. ಅದು ಚಿಕಿತ್ಸೆಯಾಗಿ ನಿಲ್ಲಲಿಲ್ಲ. ಮೇಲಾಗಿ ಎಂಎಸ್ ಉಲ್ಬಣಿಸಿದಾಗ ಕೊಡುವ ಸ್ಟೆರಾಯ್ಡ್ ಜೊತೆ ಆಸ್ಪಿರಿನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಬೇರೆ.

ಮೆಸೇಜ್ ಕಳಿಸಿದವರು ಮೆದುಳನ್ನು ಹಿಡಿದುಕೊಂಡರು, ನನಗೆ ಚಿಂತೆ ಇರುವುದು ನಿಮ್ಮವರ ಕಾಲಿನದು. ಎಂಎಸ್ ಇದ್ದವರಿಗೆ ಕಾಲಿನ ಸಿರೆಯಲ್ಲಿ ಹೆಪ್ಪು ಕಟ್ಟುವ ಅಪಾಯ ಉಳಿದವರಿಗಿಂತ ಜಾಸ್ತಿ. ಓಡಾಟ ಕಮ್ಮಿ, ಸೋಂಕು ಬಂದರೆ ಹಾಸಿಗೆ, ಅಲ್ವಾ? ಸ್ಪರ್ಶ ಮಂದವಾಗಿದ್ದರೆ ನೋವು ಗೊತ್ತಾಗುವುದಿಲ್ಲ. ಗೊತ್ತಾದರೂ "ಎಂಎಸ್‌ದೇ ಸೆಳೆತ" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ.

ಟೈಲರ್ ಟೇಪ್ ಇಟ್ಟುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆ ತೆಗೆದು ಈಗಲೇ ಬರೆದಿಡಿ. ಶಕ್ತಿ ಕಮ್ಮಿ ಇರುವ ಕಾಲು ಮೊದಲಿಂದಲೇ ಸಣ್ಣಗಿರಬಹುದು, ಅದಕ್ಕೇ ಹಳೆ ಅಳತೆ ಬೇಕು. ಒಂದು ಕಾಲು ಹೊಸದಾಗಿ ಊದಿ ಇನ್ನೊಂದಕ್ಕಿಂತ 3 ಸೆಂ.ಮೀ.ಗಿಂತ ಹೆಚ್ಚು ದಪ್ಪವಾದರೆ ಅವತ್ತೇ ಸಿರೆಯ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಅಷ್ಟು ಊದದಿದ್ದರೂ ಕಾಲು ಬಿಸಿಯಾಗಿ ಕೆಂಪಾದರೆ, ನೋವಿದ್ದರೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಬಂದರೆ ಟೇಪ್ ಹುಡುಕಬೇಡಿ, ಸೀದಾ ತುರ್ತು ಚಿಕಿತ್ಸೆಗೆ ಹೋಗಿ.

ಇನ್ನು ಡಿ-ಡೈಮರ್. ಜ್ವರ, ಸೋಂಕು, ಗರ್ಭ, ಎಲ್ಲದಕ್ಕೂ ಅದು ಏರುತ್ತದೆ. ಜಾಸ್ತಿ ಬಂದಿದೆ ಅಂದಮಾತ್ರಕ್ಕೆ ಹೆಪ್ಪು ಇದೆ ಎಂದಲ್ಲ. ಆದರೂ ರಿಪೋರ್ಟನ್ನು ನಿಮ್ಮ ನ್ಯೂರಾಲಜಿಸ್ಟ್‌ಗೆ ತೋರಿಸಿ, ಕಾಲನ್ನೂ ನೋಡಲಿ. ಮತ್ತೆ ನಿಮ್ಮ ಹೆಂಡತಿ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ. ಈಸ್ಟ್ರೋಜೆನ್ ಇರುವ ಮಾತ್ರೆ ಹೆಪ್ಪುಗಟ್ಟುವ ಅಪಾಯ ಏರಿಸುತ್ತದೆ, ಬದಲಿಗೆ ಬೇರೆ ವಿಧಾನಗಳಿವೆ.