ಗೆರೆ ದಾಟಿದ ಮೇಲೂ ಕುದುರೆ ಓಡುತ್ತದೆ

ಪ್ರಶ್ನೆ: ನಮ್ಮ ಸವಾರಿ ಕೂಟ 80 ಕಿ.ಮೀ. ದೂರದ ಎಂಡ್ಯೂರೆನ್ಸ್ ಸವಾರಿಯನ್ನು (ಕುದುರೆಯ ತ್ರಾಣವನ್ನು ಒರೆಗೆ ಹಚ್ಚುವ ದೂರದ ಸ್ಪರ್ಧೆಯನ್ನು) ಏರ್ಪಡಿಸುತ್ತಿದೆ. ಮುಕ್ತಾಯದ ಗೆರೆ ಶಿಬಿರದ ಬಾಗಿಲಲ್ಲೇ ಇದ್ದರೆ ನೋಡುವವರಿಗೂ ಸಮಯ ಗುರುತಿಸುವವರಿಗೂ ಅನುಕೂಲವೆಂದು ಕೆಲವರು ವಾದಿಸುತ್ತಾರೆ. ಕಳೆದ ಬಾರಿ ಅಲ್ಲಿಗೆ ಎರಡು ಕುದುರೆಗಳು ಜೊತೆಯಾಗಿ ನುಗ್ಗಿ ಬಂದಾಗ, ನೀರಿನ ಬಕೆಟ್ ಹಿಡಿದು ನಿಂತಿದ್ದ ಹುಡುಗನೊಬ್ಬ ಕೂದಲೆಳೆಯ ಅಂತರದಲ್ಲಿ ಪಾರಾದ. ಗೆರೆ ಎಲ್ಲಿರಬೇಕು?

ಉತ್ತರ: ಶಿಬಿರದ ಬಾಗಿಲಲ್ಲಿ ಖಂಡಿತ ಬೇಡ. ಗೆರೆಯ ಬಗ್ಗೆ ಯೋಚಿಸುವವರೆಲ್ಲ ಅದರ ಹಿಂದಿನ ದಾರಿಯನ್ನು ಅಳೆಯುತ್ತಾರೆ; ಅಳೆಯಬೇಕಾದದ್ದು ಅದನ್ನು ದಾಟಿದ ಕುದುರೆ ನಿಲ್ಲಲು ಬೇಕಾದ ಆಚೆಯ ಜಾಗವನ್ನು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಕುದುರೆ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ದಾರಿಗೆ ಅಡ್ಡ ಬಂದವನು ಅದನ್ನು ದಾಟಲು ಮೂರು ಸೆಕೆಂಡು ತೆಗೆದುಕೊಂಡರೆ, ಅಷ್ಟರಲ್ಲಿ 33 ಮೀಟರ್ ಆಚೆಯಿದ್ದ ಕುದುರೆ ಅವನ ಮೈಮೇಲೆಯೇ ಇರುತ್ತದೆ. ಹಲವು ಕುದುರೆಗಳು ಒಂದಕ್ಕೊಂದು ಅಡ್ಡಿಯಾಗದೆ ನಾಗಾಲೋಟದಲ್ಲಿ ಬರುವಷ್ಟು ಉದ್ದವೂ ಅಗಲವೂ ಮುಕ್ತಾಯದ ದಾರಿಗೆ ಇರಬೇಕೆಂದು ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟದ (ಎಫ್‌ಇಐ) ನಿಯಮಗಳೂ ಹೇಳುತ್ತವೆ.

ಆದ್ದರಿಂದ ಗೆರೆಯನ್ನು ಶಿಬಿರದಿಂದ ದೂರಕ್ಕೆ ಒಯ್ಯಿರಿ. ದಾರಿ ನೇರವಾಗಿದ್ದು ತುಸು ಏರಾಗಿದ್ದರೆ ಉತ್ತಮ. ಇಳಿಜಾರಿನ ಬುಡದಲ್ಲಾಗಲಿ ತಿರುವಿನ ಮಗ್ಗುಲಲ್ಲಾಗಲಿ ಗೆರೆ ಇರಕೂಡದು. ಅಲ್ಲಿಂದ ಶಿಬಿರದವರೆಗೆ ಸವಾರರು ಕುದುರೆಯನ್ನು ನಡೆಸಿಕೊಂಡು ಬರಲಿ. ಕೊನೆಯ ತಪಾಸಣೆಗೆ ಪಶುವೈದ್ಯರ ಮುಂದೆ ನಿಲ್ಲುವಷ್ಟರಲ್ಲಿ ಹೃದಯಬಡಿತ ಇಳಿಯುವುದಕ್ಕೂ ಆ ನಡಿಗೆ ಸಹಾಯಕ.

ಗುರುತಿಗೆಂದು ನೆಲದ ಮೇಲೆ ಸುಣ್ಣದ ಪಟ್ಟಿ ಎಳೆಯಬೇಡಿ. ದಣಿದ ಕುದುರೆಯೂ ಅದನ್ನು ಕಂಡು ಬೆದರಿ ಹಾರಬಹುದು, ಇಲ್ಲವೇ ಪಕ್ಕಕ್ಕೆ ಸಿಡಿಯಬಹುದು. ಎರಡು ಬದಿಗೆ ಒಂದೊಂದು ಕಂಬ ನೆಟ್ಟರೆ ಸಾಕು. ಗಾಳಿಗೆ ಪಟಪಟನೆ ಬಡಿಯುವ ಬ್ಯಾನರೂ ಬೇಡ, ಪ್ರಾಯೋಜಕರು ಎಷ್ಟೇ ಒತ್ತಾಯಿಸಿದರೂ. ಸಮಯ ಗುರುತಿಸುವವರೆಲ್ಲ ಒಂದೇ ಬದಿಯಲ್ಲಿದ್ದರೆ ಯಾರೂ ದಾರಿ ದಾಟಬೇಕಾಗುವುದಿಲ್ಲ. ನೀರು, ಸ್ಪಂಜು, ಹೊದಿಕೆ ಹಿಡಿದ ಸಹಾಯಕರು ಕುದುರೆ ನಡಿಗೆಗೆ ಇಳಿಯುವ ಜಾಗದ ಆಚೆಗೆ ಇರಲಿ. ನಿಮ್ಮ ಬಕೆಟ್ ಹುಡುಗನ ಜಾಗವೂ ಅದೇ. ಸವಾರನಿಲ್ಲದೆ ಬರುವ ಕುದುರೆ ರಸ್ತೆ ಸೇರದಂತೆ ಗೇಟು ಮುಚ್ಚಲು ಒಬ್ಬರನ್ನು ಗೊತ್ತುಮಾಡಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಕತ್ತಲಾದ ಮೇಲೂ ಸವಾರರು ಬರುವುದಿದ್ದರೆ ವಾಹನದ ದೀಪ ಅವರ ಕಡೆಗೆ ತಿರುಗಿರಬಾರದು, ಏಕೆಂದರೆ ಕತ್ತಲಿಗೂ ಬೆಳಕಿಗೂ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮ್ಮದಕ್ಕಿಂತ ಹೆಚ್ಚು ಹೊತ್ತು ಬೇಕು.

ಇಷ್ಟೆಲ್ಲ ಮಾಡಿದರೂ ಕೊನೆಯ ಓಟಕ್ಕೆ ಬಹುಮಾನವಿರುವವರೆಗೆ ಓಡುವವರು ಓಡುತ್ತಾರೆ. ಅಮೆರಿಕನ್ ಎಂಡ್ಯೂರೆನ್ಸ್ ರೈಡ್ ಕಾನ್ಫರೆನ್ಸ್ ಎಂಬ ಸಂಸ್ಥೆ ತನ್ನ 25ರಿಂದ 35 ಮೈಲಿಗಳ ಸವಾರಿಗಳಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡಿದೆ: ಗೆರೆ ದಾಟಿದ ಕ್ಷಣವಲ್ಲ, ಕುದುರೆಯ ಹೃದಯಬಡಿತ ನಿಮಿಷಕ್ಕೆ 60ಕ್ಕೆ ಇಳಿದ ಕ್ಷಣವೇ ಮುಕ್ತಾಯದ ಸಮಯ. ನಾಗಾಲೋಟದಲ್ಲಿ ಬಂದವನು ಬಡಿತ ಇಳಿಯಲು ಕಾಯುತ್ತಾ ನಿಂತಿರುವಾಗ, ಕೊನೆಯ ತುಂಡು ದಾರಿಯನ್ನು ನಡೆಸಿಕೊಂಡು ಬಂದವನು ಮುಂದಾಗಬಹುದು. ನಿಮ್ಮದು ಅದಕ್ಕಿಂತ ಉದ್ದದ ಸವಾರಿಯಾದರೂ, ಎಫ್‌ಇಐ ನಿಯಮಕ್ಕೆ ಒಳಪಡದಿದ್ದರೆ ಈ ಕ್ರಮವನ್ನು ಅನುಸರಿಸಬಹುದೆಂಬುದು ನನ್ನ ಅಭಿಪ್ರಾಯ.

ಹಿಂದಿನ ಸಂಜೆ ಎರಡು ಕುದುರೆಗಳನ್ನು ಜೊತೆಯಾಗಿ ಗೆರೆಯಾಚೆಗೆ ಓಡಿಸಿ ನೋಡಿ. ಒಂಟಿ ಕುದುರೆ ಬೇಗ ನಿಂತೀತು, ಜೊತೆ ಸಿಕ್ಕರೆ ನಿಲ್ಲದು. ಅವು ನಿಜವಾಗಿ ನಿಂತ ಜಾಗದಲ್ಲಿ ಒಂದು ಗೂಟ ನೆಟ್ಟು, ಸಹಾಯಕರನ್ನು ತಡೆಯುವ ಹಗ್ಗವನ್ನು ಅದಕ್ಕಿಂತ ಸಾಕಷ್ಟು ಆಚೆಗೆ ಕಟ್ಟಿ.